ಗಿರಾಕಿ ಮನ್ಯಾಗಿಲ್ಲ

ಕಪನೂರ ಗೋಡೌನಿನ ಶಟರು
ಮುಂಜಾನಿ ಆರಕ್ಕ ಎದಿ ಮಟ ಏರತದ, ಅಲ್ಲೇ ನಿಂದರತದ.
ನಾವು ಬಗ್ಗಿ ಒಳಗ ಹೋಗತೀವಿ.
ಒಂದೀಟು ಗ್ರೀಸ್ ಹಾಕರಿ ಅಂತ ಕೇಳಲಿಕ್ಕತ್ತಿ
ಎರಡು ಬ್ಯಾಸಗಿ ಆದವು.

ಡಬ್ಬಿ ಒಂದಕ್ಕ ಹದಿನಾಕು ಇತ್ತು.
ಯುಗಾದಿಗಿ ಹನ್ನೆರಡೂವರಿ ಆಯಿತು.
ಮೊನ್ನಿ ಫೋನಿನಾಗ ಹೂವಿನ ಚಿತ್ರ ಬಂತು, ಅದರ ಕೆಳಗ
"ಅಭಿನಂದನೆಗಳು, ಇದು ನಿಮ್ಮ ಹೊಸ ದರ":
ಹನ್ನೊಂದು.
ಅಂಬಾರಾಯ ಎರಡು ಸಲ ಓದಿದ, ಆಮ್ಯಾಗ ನಕ್ಕ.
ಅಂವ ನಕ್ಕಿದ್ದಕ್ಕೇ
ನಾವೆಲ್ಲಾ ಗಾಡಿ ಸ್ಟ್ಯಾಂಡ್ ಹಾಕಿದಿವಿ.

ಮ್ಯಾನೇಜರ್ ವೈಜನಾಥ ಹೊರಗ ಬಂದ.
ಮೂರು ವರ್ಷದ ಹಿಂದ ನನ್ನ ಗಾಡಿ ಮ್ಯಾಲೇ ಹಿಂದ ಕೂತು
ಮೋಮಿನಪುರದ ಗಲ್ಲಿ ಕಲತಾಂವ,
ನನ್ನ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ ಮುರದು
ಪುಂಡಿಪಲ್ಯಕ್ಕ ಉಪ್ಪು ಕಡಿಮಿ ಅಂದಾಂವ.
ಈಗ ಕೊರಳಾಗ ನೀಲಿ ಪಟ್ಟಿ.
"ನಂದೇನದ ಇದರಾಗ? ಎಲ್ಲಾ ಮ್ಯಾಲಿನವರು" ಅಂದ.
ಮ್ಯಾಲ ನೋಡಿದಿವಿ.
ತಗಡು ಇತ್ತು. ತಗಡಿನ ಮ್ಯಾಲ ಬಿಸಲು.

ನಮ್ಮಪ್ಪನ ಕಾಲಕ್ಕ ಎಂಎಸ್ಕೆ ಮಿಲ್ಲಿಗಿ ಭೋಂಗಾ ಇತ್ತು,
ಗೇಟು ಇತ್ತು. ಗೇಟಿನ ಮುಂದ ಒದರಿದರ
ಒಳಗ ಯಾರೋ ಒಬ್ಬಾಂವ ಕಿಡಕಿ ಧಪ್ಪಂತ ಹಾಕೋತಿದ್ದ.
"ಆ ಸಪ್ಪಳ ಕೇಳಿದರ ಸಾಕಿತ್ತು,
ನಮ್ಮ ದನಿ ಮುಟ್ಟೇದ ಅಂತ ತಿಳಿತಿತ್ತು" ಅಂತಿದ್ದ ಅಪ್ಪ.
ಆ್ಯಪಿಗಿ ಕಿಡಕಿ ಇಲ್ಲ.
ನಾಕು ಸಲ ದೂರು ಬರದರ ಐದನೇ ಸಲಕ್ಕ
ನಮ್ಮ ಸೇವಾಕ್ಕ ಎಷ್ಟು ಚುಕ್ಕಿ ಕೊಡತೀರಿ ಅಂತ ಕೇಳತದ.

ಒಂದು ಮಾತು ನಾನೂ ಒಪ್ಪಬೇಕು.
ರಾತ್ರಿ ಎಂಟಾದ ಮ್ಯಾಲ ಉಳದ ಡಬ್ಬಿಗೆಲ್ಲಾ
"ಗಿರಾಕಿ ಮನ್ಯಾಗಿಲ್ಲ" ಅಂತ ಒತ್ತರಿ ಅಂದಾಂವ ವೈಜನಾಥ.
ಒತ್ತಿದವರು ನಾವು.
ಹೊಸ್ತಿಲ ಮ್ಯಾಲ ಕುಂತು ಹಾದಿ ಕಾಯೋ ಮಂದೀನ
ಒಂದು ಹೆಬ್ಬೆರಳಿಲೆ ಮನಿ ಬಿಡಿಸೀವಿ.

ಎರಡನೇ ದಿನ ಸೊಲ್ಲಾಪುರದಿಂದ ಒಂಬತ್ತು ಹುಡುಗುರು ಬಂದರು.
ಅಂಗಿ ಮಡಿಕಿ ಇನ್ನಾ ಹೋಗಿದ್ದಿಲ್ಲ.
ನಕಾಶಿ ಅವರಿಗಿ ಸಂತ್ರಾಸವಾಡಿ ತಿರುಗಿಸಿ
ಒಂದು ಖಾಲಿ ಗ್ವಾಡಿ ಮುಂದ ತಂದು "ತಲುಪಿದ್ದೀರಿ" ಅಂತು.
ನಮಗ ಖುಷಿ ಆಯಿತು. ಸುಳ್ಳ್ಯಾಕ ಹೇಳಲಿ.
ಹಳೇ ಬಾವಿ ಹಿಂದ, ಬೇವಿನ ಗಿಡದ ಎದುರಿಗಿ,
ಹಸರು ಬಾಗಲ ಅಲ್ಲ, ಅದರ ಬಾಜೂದು:
ಇಂಥವು ನಮ್ಮ ತಲಿಯೊಳಗ ಸಾವಿರ ಅವ.
ಕಂಪನಿ ಇವಕ್ಕ ಒಂದು ಪೈ ಕೊಟ್ಟಿಲ್ಲ,
ಹಂಗಾಗಿ ಇವು ನಮ್ಮವೇ.

ಮೂರನೇ ದಿನ ಮಧ್ಯಾನ್ಹ ಫೋನು ಬಂತು.
ಅರ್ಧ ಮರಾಠಿ, ಅರ್ಧ ಹಿಂದಿ, ಉಳದದ್ದು ದಮ್ಮು.
"ದಾದಾ, ಹಳೇ ಚೀಟಿ ಮ್ಯಾಲ ನಿಮ್ಮ ನಂಬರ ಇತ್ತು.
ಖೈರುನ್ನಿಸಾ ಬೀ ಮನಿ ಎಲ್ಲದ?
ಬೇವಿನ ಗಿಡ ಕಾಣವಲ್ದು.
ಡಬ್ಬಿ ತಳ ನೆನಿಲತದ, ಒಳಗಿನ ಬರ್ಫ ಕರಗಲತದ."

ನನಗ ಗೊತ್ತಿತ್ತು ಆ ಡಬ್ಬಿ. ತಿಂಗಳಿಗೊಮ್ಮಿ ಬರತದ.
ಸಹಿ ಮಾಡೂಕಿಂತ ಮೊದಲ ಆಕಿ ಅದನ ಗಲ್ಲಕ್ಕ ಹಚ್ಚಿ
ಥಂಡಿ ಅದನೋ ಇಲ್ಲೋ ನೋಡತಾಳ.

"ಒತ್ತು ಅನ್ನು ಅವಗ" ಅಂದ ಅಂಬಾರಾಯ, ಸಣ್ಣ ದನಿಲೆ.
"ಗಿರಾಕಿ ಮನ್ಯಾಗಿಲ್ಲ ಅಂತ ಒತ್ತು ಅನ್ನು."

ಫೋನು ಸ್ಪೀಕರಿನ ಮ್ಯಾಲ ಇತ್ತು.
"ಗಿಡ ಹುಡುಕಬ್ಯಾಡ ತಮ್ಮಾ" ಅಂದೆ.
"ಅದು ಕಡದು ಆರು ವರ್ಷ ಆಯಿತು.
ಹಸರು ಬಾಗಲಕ್ಕ ಈಗ ಕೆಂಪು ಬಣ್ಣ. ಅದರ ಬಾಜೂದು ಬಡಿ.
ಮೊಳಕಾಲ ನೋವು ಆಕಿಗಿ, ಏಳಲಿಕ್ಕ ತಡಾ ಆಗತದ,
ನಿಂತಿರು."
ಇಡಬೇಕಂದಾಂವ ಇಡಲಿಲ್ಲ.
"ನಿನಗ ಡಬ್ಬಿಗಿ ಎಷ್ಟು ಕೊಡಲತಾರ?"

ಅತ್ತಾಗ ಒಂದು ಆಟೋ ಹಾರ್ನ್ ಹೊಡಕೋತ ಹೋಯಿತು.
"ಒಂಬತ್ತು."

ಯಾರೂ ಮಾತಾಡಲಿಲ್ಲ.
ಅಂಬಾರಾಯ ನನ್ನ ಕಡಿ ನೋಡಲಿಲ್ಲ,
ಫೋನಿನ ಕಡಿ ನೋಡಿದ, ಅದು ಇನ್ನೊಮ್ಮಿ ಹೇಳತದೇನೋ ಅನ್ನಂಗ.
ಈ ಸಲ ನಗಲಿಲ್ಲ.